ನಾಲ್ಕು ಯೂನಿಟ್ ಹೆಚ್ಚು, ಬಿಲ್ 1,800 ರೂಪಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕರೆಂಟ್ ಬಿಲ್ಲಿನ ಸುತ್ತಲೇ ಇವೆ. ಒಂದೆರಡು ಗ್ಯಾಸಿನ ಮಾತೆತ್ತಿ ಕೊನೆಗೆ ಕರೆಂಟಿಗೇ ಬಂದು ನಿಂತಿವೆ. ಉತ್ತರಗಳಲ್ಲಿ ಬರುವ ಲೆಕ್ಕಕ್ಕೆಲ್ಲ 2025ರ ಏಪ್ರಿಲ್‌ನಿಂದ ಜಾರಿಯಾದ ಗೃಹಬಳಕೆಯ ದರವನ್ನು ಹಿಡಿದಿದ್ದೇನೆ: ಯೂನಿಟ್‌ಗೆ 5 ರೂಪಾಯಿ 80 ಪೈಸೆ, ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು 36 ಪೈಸೆ, ವಿದ್ಯುತ್ ಶುಲ್ಕದ ಮೇಲೆ ಶೇ 9ರ ತೆರಿಗೆ. ಎಲ್ಲ ಕೂಡಿದರೆ ಯೂನಿಟ್ಟಿಗೆ ಸುಮಾರು 6 ರೂಪಾಯಿ 70 ಪೈಸೆ ಬೀಳುತ್ತದೆ. ಇದಲ್ಲದೆ ಮಂಜೂರಾದ ಲೋಡಿನ (ನಿಮ್ಮ ಸಂಪರ್ಕದ ಸಾಮರ್ಥ್ಯದ) ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಅದನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ನಾಲ್ಕು ಜನರ ಮನೆ, 3 ಕಿಲೋವಾಟ್ ಸಂಪರ್ಕ. ಗೃಹಜ್ಯೋತಿಯಲ್ಲಿ 187 ಯೂನಿಟ್ ಉಚಿತವೆಂದು ಬಿಲ್ಲಿನಲ್ಲಿದೆ. ಅಕ್ಟೋಬರ್‌ನಲ್ಲಿ 190 ಯೂನಿಟ್ ಆಗಿ ಇಪ್ಪತ್ತು ರೂಪಾಯಿಯಷ್ಟು ಕಟ್ಟಿದೆವು. ಡಿಸೆಂಬರ್‌ನಲ್ಲಿ 204 ಆಯಿತು, 1,800 ರೂಪಾಯಿ ಬಂತು! ಹೊಸ ಸಾಮಾನು ಏನನ್ನೂ ಕೊಂಡಿಲ್ಲ. ಮಕ್ಕಳು ಮೊಬೈಲ್ ಚಾರ್ಜರ್‌ಗಳನ್ನು ಹಗಲೂ ರಾತ್ರಿ ಪ್ಲಗ್ಗಿನಲ್ಲೇ ಬಿಡುವುದರಿಂದ ಹೀಗಾಯಿತೆಂದು ನಮ್ಮ ಯಜಮಾನರು ದಿನವೂ ರೇಗುತ್ತಾರೆ. (ಗೃಹಿಣಿ, ದಾವಣಗೆರೆ)

ಉತ್ತರ: ಮೊದಲು ಮಕ್ಕಳನ್ನು ಆರೋಪದಿಂದ ಬಿಡುಗಡೆ ಮಾಡೋಣ. ಈಗಿನ ಮೊಬೈಲೊಂದರ ಬ್ಯಾಟರಿ ಖಾಲಿಯಿಂದ ಪೂರ್ತಿ ತುಂಬಲು, ಚಾರ್ಜರ್‌ನಲ್ಲಿ ಶಾಖವಾಗಿ ಹೋಗುವುದೂ ಸೇರಿ, ಸುಮಾರು 25 ವಾಟ್-ಅವರ್ ಬೇಕು. ಒಂದು ಯೂನಿಟ್ ಎಂದರೆ ಸಾವಿರ ವಾಟ್-ಅವರ್. ಅಂದರೆ ಒಂದು ಯೂನಿಟ್ಟಿನಲ್ಲಿ ನಲವತ್ತು ಸಲ ಚಾರ್ಜ್ ಮಾಡಬಹುದು. ನಾಲ್ಕು ಮೊಬೈಲುಗಳನ್ನು ತಿಂಗಳಿಡೀ ದಿನಕ್ಕೊಮ್ಮೆ ತುಂಬಿಸಿದರೂ ಮೂರು ಯೂನಿಟ್ ಆದೀತು. ಫೋನು ಸಿಕ್ಕಿಸದೆ ಪ್ಲಗ್ಗಿನಲ್ಲಿ ಬಿಟ್ಟ ಚಾರ್ಜರ್ ತಿನ್ನುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ಹಾಗಾದರೆ ಹೆಚ್ಚಾದ 14 ಯೂನಿಟ್ ಎಲ್ಲಿಂದ ಬಂತು? ನಿಮ್ಮ ಬಚ್ಚಲುಮನೆಯ ಗೀಸರಿನ ಕಡೆ ನೋಡಿ. ಅಕ್ಟೋಬರ್‌ನಲ್ಲಿ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರು 27 ಡಿಗ್ರಿ ಇದ್ದರೆ, ಡಿಸೆಂಬರ್‌ನ ಬೆಳಗಿನಲ್ಲಿ ಅದೇ ನೀರು 20 ಡಿಗ್ರಿಗೆ ಇಳಿದಿರುತ್ತದೆ. ತಲೆಗೆ 15 ಲೀಟರ್ ಬಿಸಿನೀರೆಂದು ಹಿಡಿದರೆ, ಈ 7 ಡಿಗ್ರಿಯ ಕೊರತೆಯನ್ನು ತುಂಬಲು ಒಬ್ಬರಿಗೆ ದಿನಕ್ಕೆ 0.12 ಯೂನಿಟ್, ನಾಲ್ವರಿಗೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್ ಹೆಚ್ಚಾಗಿ ಬೇಕು. ನಿಮ್ಮ ಮನೆಯಲ್ಲಿ ಯಾರೂ ಒಂದು ಚೊಂಬು ನೀರನ್ನೂ ಹೆಚ್ಚು ಸುರಿದುಕೊಂಡಿಲ್ಲ. ನೀರು ತಣ್ಣಗಾಯಿತು, ಅಷ್ಟೇ.

ಇನ್ನು 1,800 ರೂಪಾಯಿಯ ವಿಷಯ. ಗೃಹಜ್ಯೋತಿಯಲ್ಲಿ 2022-23ನೇ ಸಾಲಿನ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ ಮಿತಿಯನ್ನು ಗೊತ್ತುಪಡಿಸಿದ್ದಾರೆ. ಆ ಮಿತಿ ದಾಟಿಯೂ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಳ ಹಣವನ್ನು ಮಾತ್ರ ಕಟ್ಟಬೇಕು. 200 ದಾಟಿದರೆ ಆ ತಿಂಗಳು ಉಚಿತವೆಂಬುದೇ ಇಲ್ಲ, ಇಡೀ ಬಿಲ್ಲು ನಿಮ್ಮದೇ. 204 ಯೂನಿಟ್‌ಗೆ ತೆರಿಗೆಯೂ ಸೇರಿ ಸುಮಾರು 1,363 ರೂಪಾಯಿ, ಮೂರು ಕಿಲೋವಾಟ್‌ಗೆ 435 ರೂಪಾಯಿ ನಿಗದಿತ ಶುಲ್ಕ, ಕೂಡಿದರೆ 1,798. ಬಿಲ್ಲಿನಲ್ಲಿ ತಪ್ಪೇನೂ ಇಲ್ಲ. ಯೋಜನೆ ಮೆಟ್ಟಿಲಿನಂತೆ ಇಳಿಯುವ ಬದಲು ಬಾವಿಯ ಕಟ್ಟೆಯಂತೆ ಒಮ್ಮೆಗೇ ಕೊನೆಯಾಗುವುದು ಸರಿಯೇ ಎಂದು ಕೇಳಿದರೆ, ಸರಿಯಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ನಿಯಮ ಹೀಗಿರುವಷ್ಟು ಕಾಲ ಮೀಟರ್ ರೀಡರ್ ಬಂದುಹೋದ ದಿನದ ಅಂಕಿಯನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟು, ಇಪ್ಪತ್ತನೆಯ ದಿನ ಮತ್ತೊಮ್ಮೆ ನೋಡಿ. ಅಷ್ಟರಲ್ಲಿ 135 ದಾಟಿದ್ದರೆ ಉಳಿದ ಹತ್ತು ದಿನ ಗೀಸರಿನ ಮೇಲೆ ಕಣ್ಣಿಡಬೇಕು. ಸ್ವಿಚ್ಚನ್ನು ದಿನವಿಡೀ ಹಾಕಿಯೇ ಬಿಡುವ ಅಭ್ಯಾಸವಿದ್ದರೆ, ಯಾರೂ ಸ್ನಾನ ಮಾಡದಿದ್ದರೂ ಟ್ಯಾಂಕಿನ ಬಿಸಿ ಸೋರಿಹೋಗುವುದರಲ್ಲೇ ದಿನಕ್ಕೆ ಸುಮಾರು ಅರ್ಧ ಯೂನಿಟ್ ಹೋಗುತ್ತದೆ. ಅದೊಂದನ್ನು ನಿಲ್ಲಿಸಿದರೂ 204 ಮತ್ತೆ 190ರ ಹತ್ತಿರಕ್ಕೆ ಬರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಆದರೂ 210 ಯೂನಿಟ್ ಬರುತ್ತಿದೆ. ಮೀಟರ್ ವೇಗವಾಗಿ ಓಡುತ್ತಿದೆಯೇ ಎಂದು ತಿಳಿಯುವುದು ಹೇಗೆ? (ಖಾಸಗಿ ಸಂಸ್ಥೆಯ ಉದ್ಯೋಗಿ)

ಉತ್ತರ: ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಪಕ್ಕದಲ್ಲಿ, ಬಹುಪಾಲು ಮೀಟರುಗಳಲ್ಲಿ, ಒಂದು ಯೂನಿಟ್‌ಗೆ 3200 ಇಂಪಲ್ಸ್ ಎಂದು ಅಚ್ಚಾಗಿರುತ್ತದೆ. ನಿಮ್ಮದರಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಹಿಡಿಯಿರಿ. ಅಂದರೆ ಆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಮುಗಿಯಿತು. ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಎರಡು ಪರೀಕ್ಷೆ ನಡೆಸಿ.

ಮೊದಲನೆಯದಕ್ಕೆ ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಫ್ರಿಜ್ಜು ಮತ್ತು ಯುಪಿಎಸ್‌ಗಳ ಪ್ಲಗ್ ಕಿತ್ತು, 1000 ವಾಟಿನ ನೀರು ಕಾಯಿಸುವ ಕಾಯಿಲ್ ಒಂದನ್ನು ಬಕೆಟ್ ನೀರಿನಲ್ಲಿಟ್ಟು ಹಾಕಿ. ಮೀಟರ್ ದೀಪ ನಿಮಿಷಕ್ಕೆ 53 ಸಲದಷ್ಟು ಮಿಣುಕಬೇಕು. ನಿಮ್ಮ ಬೀದಿಯಲ್ಲಿ ವೋಲ್ಟೇಜ್ 210ಕ್ಕೆ ಇಳಿದಿದ್ದರೆ ಕಾಯಿಲ್ ಎಳೆಯುವುದೇ 830 ವಾಟ್ ಆದ್ದರಿಂದ 44 ಬಂದರೂ ಸರಿಯೇ. ಎಪ್ಪತ್ತು ಎಂಬತ್ತು ಬಂದರೆ ಮಾತ್ರ ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಗೆ ಮೀಟರ್ ಪರೀಕ್ಷೆಗೆಂದು ಅರ್ಜಿ ಕೊಡಿ. ಇಸ್ತ್ರಿ ಪೆಟ್ಟಿಗೆಯಿಂದ ಈ ಪರೀಕ್ಷೆ ಮಾಡಬೇಡಿ. ಅದು ಕಾದ ಮೇಲೆ ತಾನೇ ಆರುತ್ತದೆ, ಲೆಕ್ಕ ತಪ್ಪುತ್ತದೆ.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯ. ಮೀಟರಿನಿಂದಾಚೆ ನಿಮ್ಮ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ. ಈಗ ದೀಪ ಮಿಣುಕುವುದು ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ನಿಮ್ಮ ಮೀಟರಿನಿಂದ ಬೇರೆ ಯಾವುದಕ್ಕೋ ಕರೆಂಟು ಹೋಗುತ್ತಿದೆ ಎಂದರ್ಥ. ನನ್ನ ಸಂಬಂಧಿಕರೊಬ್ಬರು ಬಾಡಿಗೆಗಿದ್ದ ಮೂರಂತಸ್ತಿನ ಮನೆಯಲ್ಲಿ ಸಂಪಿನ ಮೋಟಾರು ಮತ್ತು ಮೆಟ್ಟಿಲಿನ ದೀಪ ಎರಡೂ ಇವರ ಮೀಟರಿಗೇ ಸೇರಿದ್ದವು. ಒಂದು ಅಶ್ವಶಕ್ತಿಯ ಮೋಟಾರು ದಿನಕ್ಕೆ ಒಂದೂವರೆ ಗಂಟೆ ಓಡಿದರೂ ತಿಂಗಳಿಗೆ 45 ಯೂನಿಟ್ ಆಗುತ್ತದೆ. ಎರಡು ವರ್ಷ ಮೂರು ಮನೆಗಳ ನೀರನ್ನು ಇವರೇ ಎತ್ತಿಸಿದ್ದರು. ಮಾಲೀಕರ ಮೇಲೆ ಸಂಶಯಪಡುವ ಮೊದಲು ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯೂ ನಿಮ್ಮ ಮೀಟರ್ ಹಲಗೆಯ ಮೇಲೆ ಬರೆದಿರುವ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡಿ. ಸಾಲಾಗಿ ಐದಾರು ಮೀಟರುಗಳಿರುವ ಕಟ್ಟಡಗಳಲ್ಲಿ ಅದಲುಬದಲಾಗುವುದು ಅಪರೂಪವೇನಲ್ಲ.

ಲೈನ್‌ಮನ್ನನ್ನು ಕರೆಸಿದರೆ ಈ ಎರಡೂ ಪರೀಕ್ಷೆಗಳನ್ನು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. (ಹಳೆಯ ವಿದ್ಯುತ್ ಮಂಡಳಿ ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಯಿತು, ಆಮೇಲೆ ಬೆಸ್ಕಾಂ ಮೊದಲಾದ ಕಂಪನಿಗಳು ಹುಟ್ಟಿದವು, ಆದರೂ ಅವರು ಬಂದಾಗ ನಮ್ಮ ಓಣಿಯಲ್ಲಿ ಮಕ್ಕಳು ಕೂಗುವುದು "ಕೆಇಬಿಯವರು ಬಂದರು" ಎಂದೇ.)

ಪ್ರಶ್ನೆ: ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ ದುಪ್ಪಟ್ಟು ಬೆಲೆ ಹೇಳುತ್ತಾರೆ. ಲಾಭವಿದೆಯೇ? (ಶಿವಮೊಗ್ಗ)

ಉತ್ತರ: ಹಳೆಯ ಫ್ಯಾನು 75 ವಾಟ್, ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ, ನೂರು ರೂಪಾಯಿಗೆ ಸ್ವಲ್ಪ ಹೆಚ್ಚು. ಬೆಲೆಯ ಅಂತರ 1,500 ರೂಪಾಯಿ ಇದ್ದರೆ ಒಂದೂಕಾಲು ವರ್ಷದಲ್ಲಿ ತೀರುತ್ತದೆ. ಆದರೆ ನಿಮ್ಮದು ಸೊನ್ನೆ ಬಿಲ್ಲಿನ ಮನೆಯಾಗಿದ್ದರೆ ಉಳಿಯುವುದು ಸರ್ಕಾರದ ಹಣವೇ ಹೊರತು ನಿಮ್ಮದಲ್ಲ. ಹಾಗಿದ್ದಲ್ಲಿ ಹಳೆಯ ಫ್ಯಾನು ಕೆಟ್ಟಾಗ ಬದಲಿಸಿದರೆ ಸಾಕು. ಕೊಂಡರೆ ಗೋಡೆಯ ಹಳೆಯ ರೆಗ್ಯುಲೇಟರನ್ನು ಸರ್ಕಿಟ್ಟಿನಿಂದ ತೆಗೆಸಿಬಿಡಿ. ಈ ಫ್ಯಾನಿನ ವೇಗವನ್ನು ಅದರ ರಿಮೋಟಿನಿಂದಲೇ ಬದಲಿಸಬೇಕು.

ಪ್ರಶ್ನೆ: ನಮ್ಮ ಮನೆಯ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದರೆ ಜೀವಮಾನವಿಡೀ ಬಿಲ್ಲು ಬರುವುದಿಲ್ಲ, ಕರೆಂಟು ಹೋದರೂ ಮನೆಯಲ್ಲಿ ದೀಪ ಆರುವುದಿಲ್ಲ ಎಂದು ಏಜೆಂಟರೊಬ್ಬರು ಮೂರು ಸಲ ಬಂದು ಹೇಳಿದ್ದಾರೆ. ನಮ್ಮ ಬಳಕೆ ತಿಂಗಳಿಗೆ 150 ಯೂನಿಟ್, ಬಿಲ್ಲು ಸೊನ್ನೆ. (ನಿವೃತ್ತ ಶಿಕ್ಷಕರು, ತಿಪಟೂರು)

ಉತ್ತರ: ಮೇಷ್ಟ್ರೇ, ಉತ್ತರ ನಿಮ್ಮ ಪತ್ರದ ಕೊನೆಯ ಎರಡು ಪದಗಳಲ್ಲೇ ಇದೆ. ಬಿಲ್ಲೇ ಬರದ ಮನೆಗೆ ಬಿಲ್ಲು ತಪ್ಪಿಸುವ ಯಂತ್ರವನ್ನು ಲಕ್ಷ ರೂಪಾಯಿ ಕೊಟ್ಟು ತರುವುದು ಏತಕ್ಕೆ?

ಆದರೂ ಈ ಪ್ರಶ್ನೆ ಅನೇಕರದ್ದಾದ್ದರಿಂದ ಬಿಡಿಸಿ ಹೇಳುತ್ತೇನೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ಸಿಗುತ್ತದೆ. ಫಲಕದೊಳಗಿನ ಕೋಶಗಳೂ ಭಾರತದಲ್ಲೇ ತಯಾರಾಗಿರಬೇಕೆಂಬುದು ಅದಕ್ಕಿರುವ ಷರತ್ತು. ಮೂರು ಕಿಲೋವಾಟ್‌ಗೆ ಒಂದೂಮುಕ್ಕಾಲರಿಂದ ಎರಡು ಲಕ್ಷ ಖರ್ಚಾದರೆ, ಸಹಾಯಧನ ಕಳೆದು ಕೈಯಿಂದ ಹೋಗುವುದು ಸುಮಾರು ಒಂದರಿಂದ ಒಂದೂಕಾಲು ಲಕ್ಷ. ಬಯಲುಸೀಮೆಯ ಬಿಸಿಲಿನಲ್ಲಿ ಒಂದು ಕಿಲೋವಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ; ಮೋಡದ ದಿನಗಳನ್ನೂ ಸೇರಿಸಿ ಮೂರು ಕಿಲೋವಾಟ್‌ನಿಂದ ತಿಂಗಳಿಗೆ 300ರಿಂದ 330 ಎಂದು ಹಿಡಿಯಬಹುದು. ತಿಂಗಳಿಗೆ 350 ಯೂನಿಟ್ ಬಳಸಿ, ಗೃಹಜ್ಯೋತಿಯ ಹೊರಗಿದ್ದು, ಪೂರ್ತಿ ಬಿಲ್ಲು ಕಟ್ಟುವ ಮನೆಗೆ ಇದರಿಂದ ತಿಂಗಳಿಗೆ ಎರಡು ಸಾವಿರದಷ್ಟು ಉಳಿದು ನಾಲ್ಕೈದು ವರ್ಷದಲ್ಲಿ ಹಣ ಹಿಂದಿರುಗುತ್ತದೆ. ಅಂಥವರು ಹಾಕಿಸಲಿ. ನೀವು ಹಾಕಿಸಿದರೆ ಅರ್ಧಕ್ಕಿಂತ ಹೆಚ್ಚು ಯೂನಿಟ್‌ಗಳು ಗ್ರಿಡ್ಡಿಗೆ, ಎಂದರೆ ಬೀದಿಯ ವಿದ್ಯುತ್ ಜಾಲಕ್ಕೆ, ಹೋಗುತ್ತವೆ, ಅದಕ್ಕೆ ವಿದ್ಯುತ್ ಕಂಪನಿ ಕೊಡುವ ದರ ನಾವು ಅವರಿಗೆ ಕೊಡುವ ದರಕ್ಕಿಂತ ಬಹಳ ಕಡಿಮೆ.

ಕರೆಂಟು ಹೋದರೂ ದೀಪ ಆರುವುದಿಲ್ಲ ಎಂಬ ಏಜೆಂಟರ ಎರಡನೆಯ ಮಾತು ಶುದ್ಧ ಸುಳ್ಳು. ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ ಜೋಡಿಸಿದ ಸೋಲಾರ್, ಬೀದಿಯ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ನಿಲ್ಲಲೇಬೇಕು. ಇಲ್ಲವಾದರೆ ಕಂಬದ ಮೇಲೆ ತಂತಿ ಸರಿಪಡಿಸುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಹೋದ ಕರೆಂಟು ಹೊಡೆಯುತ್ತದೆ. ಮಟಮಟ ಮಧ್ಯಾಹ್ನ ತಾರಸಿಯ ಮೇಲೆ ಬಿಸಿಲು ಸುರಿಯುತ್ತಿದ್ದರೂ ಕೆಳಗೆ ಬೀಸಣಿಗೆ ಹಿಡಿದು ಕುಳಿತವರನ್ನು ನಾನೇ ಕಂಡಿದ್ದೇನೆ.

ಮತ್ತೊಂದು ಮಾತು ತಿಪಟೂರಿನವರಿಗೆಂದೇ. ಮನೆಯ ಪಕ್ಕದ ತೆಂಗಿನಮರದ ನೆರಳು ಮಧ್ಯಾಹ್ನ ಮೂರಕ್ಕೆ ತಾರಸಿಯ ಮೇಲೆ ಎಲ್ಲಿಗೆ ಬರುತ್ತದೆ ಎಂದು ನೋಡಿಕೊಳ್ಳಿ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಒಂದು ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಸೋಲಾರ್‌ಗಾಗಿ ಫಲ ಕೊಡುವ ಮರ ಕಡಿಸಿದರೆ ಅದು ಬೇರೆಯದೇ ನಷ್ಟದ ಲೆಕ್ಕ.

ಪ್ರಶ್ನೆ: ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಗೆ ಹೋದರೆ ಉಳಿತಾಯವಾಗುತ್ತದೆಯೇ? (ಮಂಡ್ಯ)

ಉತ್ತರ: ಒಂದು ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿದೆ, ಅದರ ಶಾಖವನ್ನು ಯೂನಿಟ್ಟಿಗೆ ಪರಿವರ್ತಿಸಿದರೆ ಸುಮಾರು 180. ಗ್ಯಾಸ್ ಒಲೆಯಲ್ಲಿ ಅದರ ಮೂರರಲ್ಲಿ ಎರಡು ಪಾಲು ಮಾತ್ರ ಪಾತ್ರೆಗೆ ತಲುಪುತ್ತದೆ, ಮಿಕ್ಕದ್ದು ಅಡುಗೆಮನೆಯನ್ನೂ ಅಡುಗೆ ಮಾಡುವವರನ್ನೂ ಕಾಯಿಸುತ್ತದೆ. ಇಂಡಕ್ಷನ್ ಒಲೆಯಲ್ಲಿ ನಷ್ಟ ಕಡಿಮೆಯಾದ್ದರಿಂದ ಅಷ್ಟೇ ಅಡುಗೆಗೆ 140 ಯೂನಿಟ್ ಸಾಕು, ಅಂದರೆ 940 ರೂಪಾಯಿ. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದ ಬಳಿಕ ಬೆಂಗಳೂರಿನಲ್ಲಿ ಸಿಲಿಂಡರಿಗೆ 855 ರೂಪಾಯಿ 50 ಪೈಸೆ ಆಗಿತ್ತು. ಆ ಲೆಕ್ಕದಲ್ಲಿ ಗ್ಯಾಸೇ ಸ್ವಲ್ಪ ಅಗ್ಗ. ಸಿಲಿಂಡರ್ ದರ 940ನ್ನು ದಾಟಿದ ದಿನ ತಕ್ಕಡಿ ಆ ಕಡೆಗೆ ವಾಲುತ್ತದೆ.

ಆದರೆ ನಿಮ್ಮ ಉಚಿತ ಮಿತಿ 120 ಇದ್ದು ಬಳಕೆ 80 ಮಾತ್ರ ಆಗುತ್ತಿದ್ದರೆ, ಉಳಿದ 40 ಯೂನಿಟ್‌ನಲ್ಲಿ ಹಾಲು ಕಾಯಿಸುವುದು, ಕಾಫಿ, ಬೇಳೆ, ಅನ್ನ ಇಷ್ಟನ್ನು ಇಂಡಕ್ಷನ್ನಿನಲ್ಲಿ ಮಾಡಿಕೊಂಡರೆ ಸಿಲಿಂಡರ್ ಎಂಟು ಹತ್ತು ದಿನ ಹೆಚ್ಚು ಬರುತ್ತದೆ. ಗ್ಯಾಸನ್ನು ಪೂರ್ತಿ ಬಿಡಿ ಎಂದು ಮಂಡ್ಯದವರಿಗೆ ನಾನು ಹೇಳಲಾರೆ. ಇಂಡಕ್ಷನ್ ಒಲೆಗೆ ತಳ ಸಮತಟ್ಟಾದ, ಅಯಸ್ಕಾಂತ ಹಿಡಿಯುವ ಪಾತ್ರೆಯೇ ಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಅದು ಗುರುತಿಸುವುದೇ ಇಲ್ಲ. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಿಂದ ಮುದ್ದೆ ತೊಳಸುವವರು ಗಾಜಿನ ಹಲಗೆಯ ಮೇಲೆ ಆ ಸಾಹಸ ಮಾಡುವುದು ಬೇಡ.

ಪ್ರಶ್ನೆ: ಬೇಸಿಗೆಗೆ ಎ.ಸಿ. ಕೊಳ್ಳಬೇಕೆಂದಿದ್ದೇವೆ. ಈಗ ತೆರಿಗೆ ಇಳಿದಿದೆಯಂತೆ? (ಕಲಬುರಗಿ)

ಉತ್ತರ: ಹೌದು, 2025ರ ಸೆಪ್ಟೆಂಬರ್ 22ರಿಂದ ಎ.ಸಿ. ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಆದರೆ ತೆರಿಗೆ ಒಂದು ಸಲದ್ದು, ಬಿಲ್ಲು ಪ್ರತಿ ತಿಂಗಳದ್ದು. ಕಲಬುರಗಿ, ರಾಯಚೂರಿನ ಬಿಸಿಲು ಒಣ ಬಿಸಿಲು, ಅಲ್ಲಿ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೂಲರ್ ಎಳೆಯುವುದು ಇನ್ನೂರು ವಾಟಿನ ಒಳಗೆ, ಒಂದೂವರೆ ಟನ್ನಿನ ಎ.ಸಿ. ಪೂರ್ತಿ ಓಡುವಾಗ ಅದರ ಆರೇಳು ಪಟ್ಟು. ಇದೇ ಪ್ರಶ್ನೆ ಮಂಗಳೂರಿನಿಂದ ಬಂದಿದ್ದರೆ ಕೂಲರ್ ಹೆಸರನ್ನೇ ಎತ್ತುತ್ತಿರಲಿಲ್ಲ, ಏಕೆಂದರೆ ಕರಾವಳಿಯ ತೇವದ ಗಾಳಿಯಲ್ಲಿ ನೀರು ಆರುವುದೇ ಇಲ್ಲ. ಮನೆಯಲ್ಲಿ ವಯಸ್ಸಾದವರಿದ್ದು ಎ.ಸಿ. ಬೇಕೇ ಬೇಕೆಂದರೆ 18 ಡಿಗ್ರಿಗೆ ಇಳಿಸದೆ 26ಕ್ಕಿಟ್ಟು ಫ್ಯಾನು ಹಾಕಿಕೊಳ್ಳಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ.

ಪ್ರಶ್ನೆ: ಮಗಳು ಕಾಲೇಜಿಗೆ ದಿನಕ್ಕೆ 25 ಕಿಲೋಮೀಟರ್ ಓಡಾಡಬೇಕು. ಎಲೆಕ್ಟ್ರಿಕ್ ಸ್ಕೂಟರಿಗೆ ಮನೆಯಲ್ಲೇ ಚಾರ್ಜ್ ಮಾಡಿದರೆ ಪೆಟ್ರೋಲಿಗಿಂತ ಎಷ್ಟು ಉಳಿಯುತ್ತದೆ? (ಬಳ್ಳಾರಿ)

ಉತ್ತರ: ಮೂರು ಯೂನಿಟ್ ಹಿಡಿಯುವ ಬ್ಯಾಟರಿಯ ಸ್ಕೂಟರು ನಮ್ಮ ರಸ್ತೆಗಳಲ್ಲಿ ನಿಜವಾಗಿ 90ರಿಂದ 100 ಕಿಲೋಮೀಟರ್ ಓಡುತ್ತದೆ, ಜಾಹೀರಾತಿನ ಅಂಕಿಯನ್ನು ಮರೆತುಬಿಡಿ. ಚಾರ್ಜಿಂಗ್‌ನಲ್ಲಿ ಆಗುವ ನಷ್ಟವೂ ಸೇರಿ ಮೂರೂವರೆ ಯೂನಿಟ್, ಸುಮಾರು 23 ರೂಪಾಯಿ. ಕಿಲೋಮೀಟರಿಗೆ ಕಾಲು ರೂಪಾಯಿ. ಪೆಟ್ರೋಲ್ ಸ್ಕೂಟರು ಲೀಟರಿಗೆ 45 ಕಿಲೋಮೀಟರ್ ಕೊಟ್ಟು ಪೆಟ್ರೋಲಿಗೆ 103 ರೂಪಾಯಿ ಇದ್ದರೆ ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ. ಕಾಲೇಜಿನ 25 ದಿನಗಳಿಗೆ ಉಳಿಯುವುದು ಸುಮಾರು 1,280 ರೂಪಾಯಿ. ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಶೇಕಡಾ ಎಷ್ಟಕ್ಕೆ ಕುಗ್ಗಿದರೆ ಬದಲಿಸಿಕೊಡುತ್ತಾರೆ ಎಂಬ ಮೂರನ್ನೂ ಬರಹದಲ್ಲಿ ಪಡೆಯಿರಿ, ಮುಂದೊಂದು ದಿನ ದೊಡ್ಡ ಖರ್ಚು ಬರುವುದು ಅಲ್ಲಿಂದಲೇ. ಒಂದು ಎಚ್ಚರಿಕೆ: ಸ್ಕೂಟರಿಗೆ ತಿಂಗಳಿಗೆ 22 ಯೂನಿಟ್ ಬೇಕು. ನಿಮ್ಮ ಬಳಕೆ ಈಗಾಗಲೇ 180ರಲ್ಲಿದ್ದರೆ ಮೇಲಿನ ದಾವಣಗೆರೆಯ ಪತ್ರವನ್ನು ಇನ್ನೊಮ್ಮೆ ಓದಿ. ಪೆಟ್ರೋಲಿನಲ್ಲಿ ಉಳಿಸಿದ 1,280 ಆ ಬಿಲ್ಲಿಗೇ ಸಾಲದು.

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಹಳೆಯ ಮನೆಗೆ ಬೀಗ ಹಾಕಿದೆ. ಒಂದು ಯೂನಿಟ್ಟೂ ಖರ್ಚಾಗದಿದ್ದರೂ ತಿಂಗಳಿಗೆ 435 ರೂಪಾಯಿ ಏಕೆ? (ಮೈಸೂರು)

ಉತ್ತರ: ಅದು 3 ಕಿಲೋವಾಟ್ ಲೋಡಿನ ನಿಗದಿತ ಶುಲ್ಕ, ಬಳಸಿದರೂ ಬಳಸದಿದ್ದರೂ ಬರುತ್ತದೆ. ಗೃಹಜ್ಯೋತಿ ಒಬ್ಬರಿಗೆ ಒಂದೇ ಮೀಟರಿಗೆ ಸಿಗುವುದರಿಂದ ಎರಡನೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಹಬ್ಬಕ್ಕೆ ಹೋದಾಗ ನಾಲ್ಕು ದೀಪ, ಒಂದು ಫ್ಯಾನು ಸಾಕೆನ್ನುವುದಾದರೆ ಲೋಡನ್ನು ಒಂದು ಕಿಲೋವಾಟ್‌ಗೆ ಇಳಿಸಲು ಅರ್ಜಿ ಹಾಕಿ, ವರ್ಷಕ್ಕೆ 3,480 ರೂಪಾಯಿ ಉಳಿಯುತ್ತದೆ.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಶೇ 40 ಇಳಿಯುತ್ತದೆ ಎಂಬ ಪುಟ್ಟ ಡಬ್ಬಿಯನ್ನು ಮೊಬೈಲ್‌ನಲ್ಲಿ ನೋಡಿ 699 ರೂಪಾಯಿಗೆ ತರಿಸಿದ್ದೇನೆ. ಹಸಿರು ದೀಪ ಉರಿಯುತ್ತಿದೆ, ಬಿಲ್ಲು ಮಾತ್ರ ಇಳಿದಿಲ್ಲ. ಇನ್ನೂ ಎಷ್ಟು ದಿನ ಕಾಯಬೇಕು? (ಹಾವೇರಿ)

ಉತ್ತರ: ಕಾಯುವುದು ಬೇಡ. ಅಂಥದ್ದೇ ಡಬ್ಬಿಯೊಂದನ್ನು ನೆರೆಮನೆಯವರು ತಂದುಕೊಟ್ಟಾಗ ಸ್ಕ್ರೂ ಬಿಚ್ಚಿ ನೋಡಿದ್ದೆ. ಒಳಗೆ ಹೆಬ್ಬೆರಳಿನ ಗಾತ್ರದ ಒಂದು ಕೆಪಾಸಿಟರ್, ಎರಡು ರೆಸಿಸ್ಟರ್, ಒಂದು ಹಸಿರು ದೀಪ. ಕೆಪಾಸಿಟರ್‌ನಿಂದ ಸುಧಾರಿಸುವುದು ಪವರ್ ಫ್ಯಾಕ್ಟರ್, ಎಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ಅದು ಕೆಟ್ಟರೆ ದಂಡ ಬೀಳುವುದು ಕಾರ್ಖಾನೆಗಳಿಗೆ, ಮನೆಯ ಮೀಟರು ಅದಕ್ಕೆ ಹಣ ಕೇಳುವುದಿಲ್ಲ. ಹಸಿರು ದೀಪ ಉರಿಯುತ್ತಿರುವುದು ಕೂಡ ನಿಮ್ಮದೇ ಯೂನಿಟ್ಟಿನಲ್ಲಿ. ಹಿಂದಿರುಗಿಸುವ ಅವಧಿ ಮುಗಿದಿಲ್ಲವಾದರೆ ಇಂದೇ ಕಿತ್ತು ವಾಪಸ್ ಕಳುಹಿಸಿ.